ಹಸ ಕರಿಯೋರ್ಯಾರು ಟೀಚರಮ್ಮ?

ರಟ್ಟೆಗೆ ಸುತ್ತಿದ ಟೇಪು ಕೆಂಪು ತೋರಿಸಿತು. ಹದಿನಾಲ್ಕು ತಿಂಗಳ ಹೆಣ್ಣುಕೂಸು, ಅಳುವುದಕ್ಕೂ ತ್ರಾಣವಿಲ್ಲದೆ ನನ್ನ ಮಡಿಲಲ್ಲಿ ಕೂತಿತ್ತು. ಅಳತೆ 11.2 ಸೆಂಟಿಮೀಟರ್. ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿನ ರಟ್ಟೆ 11.5ಕ್ಕಿಂತ ಸಣ್ಣದಿದ್ದರೆ ಕೆಂಪು, ಅಂದರೆ ತೀವ್ರ ಅಪೌಷ್ಟಿಕತೆ. 12.5ರ ತನಕ ಹಳದಿ, ಅದರಾಚೆಗೆ ಹಸಿರು. ಅಷ್ಟೇ ಲೆಕ್ಕ. ನಮ್ಮ ಸಿಸ್ಟರಮ್ಮ ತಡಮಾಡದೆ ಚೀಟಿ ಬರೆದು ಹರಿದುಕೊಟ್ಟರು: ಮಂಡ್ಯದ ಜಿಲ್ಲಾ ಆಸ್ಪತ್ರೆಯ ಪೌಷ್ಟಿಕ ಪುನಶ್ಚೇತನ ಕೇಂದ್ರ, ಹದಿನಾಲ್ಕು ದಿನ, ತಾಯಿ ಜೊತೆಯಲ್ಲಿರಬೇಕು. ನಾನೂ ನನ್ನ ಪಾಠ ಒಪ್ಪಿಸಿದೆ. ಔಷಧಿ, ಊಟ ಎಲ್ಲಾ ಬಿಟ್ಟಿ, ಕೂಲಿ ತಪ್ಪುತ್ತಲ್ಲ ಅಂತ ನಿನಗೆ ದಿನಕ್ಕಿಷ್ಟು ದುಡ್ಡೂ ಕೊಡುತ್ತಾರೆ ಕಣವ್ವ ಅಂದೆ.

ಆಕೆ ಎಲ್ಲ ಕೇಳಿಸಿಕೊಂಡಳು. ಕೊನೆಗೆ ಒಂದೇ ಮಾತು:

"ಹಸ ಕರಿಯೋರ್ಯಾರು ಟೀಚರಮ್ಮ?"

ನನ್ನಲ್ಲಿ ಉತ್ತರವಿರಲಿಲ್ಲ. ಚೀಟಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಹೋದಳು, ಆಸ್ಪತ್ರೆಗೆ ಹೋಗಲಿಲ್ಲ. ವಾರ ಬಿಟ್ಟು ನಾನು ರಿಜಿಸ್ಟರಿನಲ್ಲಿ ಬರೆದೆ: "ತಾಯಿ ನಿರಾಕರಿಸಿದರು." ಹತ್ತು ವರ್ಷದ ಹಿಂದಿನ ಮಾತು ಇದು. ಆ ಎರಡು ಪದ ಬರೆದ ಕೈ ನನ್ನದೇ ಅನ್ನುವುದು ಈಗಲೂ ಕುಟುಕುತ್ತದೆ. ಆಕೆ ನಿರಾಕರಿಸಿರಲೇ ಇಲ್ಲ. ಒಂದು ಪ್ರಶ್ನೆ ಕೇಳಿದ್ದಳು, ಉತ್ತರ ಕೊಡಬೇಕಾದವಳು ನಾನು.

ನಾನು ಕೃಷ್ಣರಾಜಪೇಟೆ ತಾಲ್ಲೂಕಿನ ಒಂದು ಊರಿನಲ್ಲಿ ಮೂವತ್ನಾಲ್ಕು ವರ್ಷ ಅಂಗನವಾಡಿ ಕಾರ್ಯಕರ್ತೆಯಾಗಿದ್ದು, ಅರವತ್ತು ತುಂಬಿದ ಮೇಲೆ ಈಚೆಗೆ ಮನೆಗೆ ಬಂದವಳು. ಕಾರ್ಯಕರ್ತೆ ಅನ್ನುವುದು ಕಾಗದದ ಹೆಸರು. ಊರಿಗೆ ನಾನು ಟೀಚರಮ್ಮ, ಇಲಾಖೆಗೆ ಗೌರವಧನದವಳು. ಇದರಲ್ಲಿ ಗೌರವ ಎಷ್ಟು, ಧನ ಎಷ್ಟು ಅಂತ ನಾವು ನಾವೇ ಮೀಟಿಂಗಿನಲ್ಲಿ ನಗಾಡಿಕೊಳ್ಳುತ್ತಿದ್ದೆವು.

ಅಂಗನವಾಡಿ ಅಂದರೆ ಉಪ್ಪಿಟ್ಟು ಹಾಕುವ ಜಾಗ ಅಂತಲೇ ಪೇಟೆಯವರಲ್ಲಿ ಬಹಳ ಜನ ತಿಳಿದಿದ್ದಾರೆ. ಹಳ್ಳಿಯವರೂ ಕೆಲವರು. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾದಾಗ ಕರ್ನಾಟಕದಲ್ಲಿ ಮೊದಲು ಬಂದದ್ದು ನಮ್ಮ ಪಕ್ಕದ ಜಿಲ್ಲೆಯ ತಿ. ನರಸೀಪುರಕ್ಕೆ. ಈಗ ರಾಜ್ಯದಲ್ಲಿ 65 ಸಾವಿರಕ್ಕೂ ಹೆಚ್ಚು ಕೇಂದ್ರಗಳಿವೆ. ಅವತ್ತಿನಿಂದಲೂ ಕೆಲಸ ಆರು: ಪೂರಕ ಆಹಾರ, ಶಾಲಾಪೂರ್ವ ಶಿಕ್ಷಣ, ಲಸಿಕೆ, ಆರೋಗ್ಯ ತಪಾಸಣೆ, ತಾಯಂದಿರಿಗೆ ಆಹಾರ-ಆರೋಗ್ಯದ ತಿಳಿವಳಿಕೆ, ಮತ್ತೆ ಕೊನೆಯದಾಗಿ ರೆಫರಲ್ ಸೇವೆ. ಮೊದಲ ಐದು ನಮ್ಮ ನಾಲ್ಕು ಗೋಡೆಯೊಳಗೆ ಹೇಗೋ ನಡೆದುಹೋಗುತ್ತವೆ. ಆರನೆಯದು ಮಾತ್ರ ಗೋಡೆಯಾಚೆಗಿನದು. ಈ ಮನೆಗೆ ಏನು ಬೇಕು, ಅದು ಎಲ್ಲಿ ಸಿಗುತ್ತದೆ ಅಂತ ನೋಡಿ ಅಲ್ಲಿಗೆ ಮುಟ್ಟಿಸುವ ಕೆಲಸ. ಆಸ್ಪತ್ರೆಯೋ, ಪಂಚಾಯಿತಿಯೋ, ಇಸ್ಕೂಲೋ. ತರಬೇತಿಯಲ್ಲಿ ಇದಕ್ಕೆ ಅರ್ಧ ಗಂಟೆಯನ್ನೂ ಕೊಟ್ಟಂತೆ ನನಗೆ ನೆನಪಿಲ್ಲ. ಚೀಟಿ ಬರೆದುಕೊಟ್ಟರೆ ಆಯಿತು ಅಂತಲೇ ಬಹುಕಾಲ ನಂಬಿಕೊಂಡಿದ್ದೆ.

ಹಸದ ವಿಷಯಕ್ಕೆ ಬರುತ್ತೇನೆ. ಪ್ರತಿ ಅಂಗನವಾಡಿಗೂ ಒಂದು ಬಾಲವಿಕಾಸ ಸಮಿತಿ ಇರುತ್ತದೆ, ಊರಿನ ತಾಯಂದಿರದ್ದೇ. ಆ ತಿಂಗಳ ಸಭೆಯಲ್ಲಿ ಮೊಟ್ಟೆ ಒಡೆದು ಬಂದಿದ್ದು, ತೊಗರಿಬೇಳೆ ತೂಕ ಕಡಿಮೆ ಬಂದಿದ್ದು ಎಲ್ಲ ಮುಗಿದ ಮೇಲೆ ಸುಮ್ಮನೆ ಮಾತಿಗೆ ಅಂತ ನಾನು ಅಂದೆ, "ಅವಳು ಮಂಡ್ಯಕ್ಕೆ ಹೋಗಲ್ಲ ಅಂತಾಳೆ ಕಣ್ರವ್ವ, ಹಸ ಅಡ್ಡ." ಸ್ತ್ರೀಶಕ್ತಿ ಸಂಘದ ಒಬ್ಬರು, ಸ್ವಲ್ಪ ಬಾಯಿಜೋರು, ತಕ್ಷಣ ಬಿದ್ದರು: "ಅಡ್ಡ ಅಂದ್ರೇನ್ ಟೀಚರಮ್ಮ? ಆ ಮನೆ ನಡೀತಿರೋದೇ ಡೈರಿ ಬಟವಾಡೆ ಮೇಲೆ. ಗಂಡ ಬೆಂಗ್ಳೂರ್ ಸೇರವ್ನೆ, ಅತ್ತೆಗೆ ಕಣ್ ಕಾಣಾಕಿಲ್ಲ. ಹದಿನಾಕ್ ದಿನ ಹಾಲ್ ನಿಂತೋದ್ರೆ ಹಸಾನೇ ಬತ್ತೋಯ್ತದೆ. ಆಸ್ಪತ್ರೆಯೋರು ಕೊಡೋ ಕಾಸಲ್ಲಿ ಹಸ ಬತ್ತದಾ?"

ನಾನು ಹುಟ್ಟಿ ಬೆಳೆದದ್ದು ಹಸ ಇದ್ದ ಮನೆಯಲ್ಲೇ. ಇದು ನನಗೆ ಹೊಳೆಯಬೇಕಿತ್ತು.

"ನಾನ್ ಕರೀತೀನಿ ಬುಡಿ" ಅಂದರು ಅವರೇ. ಅಷ್ಟು ಸುಲಭವಿರಲಿಲ್ಲ. ಕೈ ಬದಲಾದರೆ ಹಸ ಸೊರ ಬಿಡುವುದಿಲ್ಲ. ಹಾಗಾಗಿ ಮೂರು ದಿನ ಇಬ್ಬರೂ ಸೇರಿ ಕರೆದರು. ಮೊದಲ ದಿನ ಈಕೆ ಪಕ್ಕದಲ್ಲಿ ನಿಂತು ಗಂಗೆದೊಗಲು ನೀವಿಕೊಂಡಿದ್ದಳಂತೆ, ಎರಡನೆಯ ದಿನ ಸ್ವಲ್ಪ ದೂರ, ಮೂರನೆಯ ದಿನ ಜಗುಲಿಯ ಮೇಲೆ. ಹಾಲನ್ನು ಈಕೆಯ ನಂಬರಿಗೇ ಹಾಕಬೇಕು, ಬೂಸಾ ಖರ್ಚು ಈಕೆಯದು, ಮನೆಬಳಕೆಗೆ ಅಂತ ಒಂದು ಪಾವು ಕರೆದವರಿಗೆ. ಈ ಕರಾರಿಗೆ ಡೈರಿ ಸೆಕ್ರೆಟರಿಯೇ ಸಾಕ್ಷಿ. ನಾಲ್ಕನೆಯ ದಿನ ಬೆಳಗಿನ ಬಸ್ಸಿಗೆ ತಾಯಿ ಮಗು ಹೊರಟರು. ಹದಿನಾಲ್ಕು ದಿನ ಇದ್ದು ಬಂದರು. ಆಮೇಲೂ ಹದಿನೈದು ದಿನಕ್ಕೊಂದು ಸಲ ತೋರಿಸಿಕೊಂಡು ಬರಬೇಕು, ಅದನ್ನೂ ತಪ್ಪಿಸಲಿಲ್ಲ. ಟೇಪು ಹಳದಿಗೆ ಬಂದದ್ದು ಎರಡನೆಯ ಸಲ ಹೋದಾಗ.

ಅವತ್ತಿನಿಂದ ಇಲಾಖೆಯ ರಿಜಿಸ್ಟರುಗಳ ಜೊತೆಗೆ ನನ್ನದೇ ಒಂದು ನೋಟ್‌ಬುಕ್ ಇಟ್ಟೆ. ಇನ್ನೂರು ಪುಟದ್ದು. ಮಗುವಿನ ಹೆಸರು, ಎಲ್ಲಿಗೆ ಕಳಿಸಬೇಕು, ಕಳಿಸಿದ ದಿನ, ಮುಟ್ಟಿದ ದಿನ. ಅದರ ಮುಂದೆ ಒಂದು ಕಾಲಂ ಗೆರೆ ಹಾಕಿ ತಲೆಬರಹ ಬರೆದೆ: "ಹಸ". ಆ ಮನೆಯವರನ್ನು ಹಿಡಿದಿಟ್ಟಿರುವುದು ಏನು ಅಂತ ಅಲ್ಲಿ ಬರೆಯಬೇಕು. ಕೆಲವು ಮನೆಗಳ ಕಾಲಂ ತುಂಬಲು ನಾಲ್ಕೈದು ಸಲ ಹೋಗಿ ಕೂತು ಕಾಫಿ ಕುಡಿಯಬೇಕಾಗುತ್ತಿತ್ತು. ಯಾರೂ ಮೊದಲ ಸಲವೇ ನಿಜವಾದ ಕಾರಣ ಹೇಳುವುದಿಲ್ಲ. ನಾವು ಹೇಳುತ್ತೇವೆಯೇ?

ಒಬ್ಬ ಹುಡುಗನ ಕತೆ ಸ್ವಲ್ಪ ಉದ್ದ. ಮೂರೂವರೆ ವರ್ಷದವನು. ಮಾತಿಲ್ಲ, ಮಿಕ್ಕಂತೆ ಚೂಟಿ. ನಾನು ಬೆಲ್ ಹೊಡೆದರೆ ಎಲ್ಲರ ಜೊತೆ ಎದ್ದು ನಿಲ್ಲುತ್ತಿದ್ದ, ಒಂದು ಗಳಿಗೆ ತಡವಾಗಿ. ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ, ನಮ್ಮ ಆಯಮ್ಮನ ಕಣ್ಣಿಗೆ ಬಿದ್ದಿತ್ತು. ಕ್ಷೀರಭಾಗ್ಯ ಬಂದ ಮೇಲೆ, ಅಂದರೆ 2013ರ ಆಗಸ್ಟ್‌ನಿಂದ, ಮಕ್ಕಳಿಗೆ ಹಾಲು ಕೊಡುತ್ತೇವಲ್ಲ, ಒಂದು ದಿನ ಸ್ಟೀಲ್ ಲೋಟಗಳ ಪೇರಿಕೆ ಆಯಮ್ಮನ ಕೈ ಜಾರಿ ಬಿತ್ತು. ಇಪ್ಪತ್ತೆರಡು ಮಕ್ಕಳಲ್ಲಿ ಇಪ್ಪತ್ತೊಂದು ಬೆಚ್ಚಿಬಿದ್ದವು. ಇವನು ಗೋಡೆಯ ಮೇಲಿನ ಆನೆಯ ಚಿತ್ರ ನೋಡುತ್ತ ಹಾಗೇ ಇದ್ದ.

ಮಾತು ಕಲಿಯುವ ಮಗು ಒಂದು ವರ್ಷದ ಹೊತ್ತಿಗೆ ಅರ್ಥವಿಟ್ಟು ಒಂದಾದರೂ ಪದ ಅನ್ನಬೇಕು, ಎರಡಕ್ಕೆ ಎರಡು ಪದ ಜೋಡಿಸಬೇಕು. "ಅಮ್ಮ ಬಾ", "ಹಾಲು ಬೇಡ" ಅನ್ನುವ ಥರ. ಇಲ್ಲದಿದ್ದರೆ ಮೊದಲು ಪರೀಕ್ಷೆ ಮಾಡಿಸಬೇಕಾದ್ದು ನಾಲಿಗೆಯನ್ನಲ್ಲ, ಕಿವಿಯನ್ನು. ಆದರೆ ನಮ್ಮ ಕಡೆ ಪ್ರತಿ ಮನೆಯಲ್ಲೂ ಒಬ್ಬ ತಡವಾಗಿ ಮಾತಾಡಿದ ಮಾವನೋ ಚಿಕ್ಕಪ್ಪನೋ ಇದ್ದೇ ಇರುತ್ತಾನೆ. ಅಜ್ಜಿ ಹೇಳಿದ್ದೂ ಅದನ್ನೇ: "ಅವರಪ್ಪ ಮಾತಾಡಿದ್ದೇ ಐದೊರ್ಸಕ್ಕೆ. ಬತ್ತದೆ ಬುಡಿ ಟೀಚರಮ್ಮ."

ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಅಂತ 2013ರಲ್ಲೇ ಬಂದದ್ದು ಇನ್ನೊಂದು. ಅದರ ಡಾಕ್ಟರುಗಳು ಗಾಡಿಯಲ್ಲಿ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ, ಒಂದು ಸಲ ಇಸ್ಕೂಲಿಗೆ ಬಂದು ಮಕ್ಕಳನ್ನು ನೋಡುತ್ತಾರೆ. ಹುಟ್ಟಿನಿಂದ ಬಂದ ತೊಂದರೆ, ಪೋಷಕಾಂಶದ ಕೊರತೆ, ಕಾಯಿಲೆ, ಬೆಳವಣಿಗೆಯಲ್ಲಿ ಹಿಂದುಳಿಯುವುದು ಎಲ್ಲವೂ ಅವರ ಪಟ್ಟಿಯಲ್ಲಿದೆ. ಅಂಗನವಾಡಿಗೆ ಮಗುವನ್ನು ಕಳಿಸದ ಮನೆಯವರೂ ಅವತ್ತು ಕರೆದುಕೊಂಡು ಬರಬಹುದು, ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಅವರು ಇವನನ್ನು ನೋಡಿ ಚೀಟಿ ಬರೆದರು. ಪುಣ್ಯಕ್ಕೆ ನಮ್ಮ ತಾಲ್ಲೂಕಿನ ಅಕ್ಕಿಹೆಬ್ಬಾಳಿನ ಆಸ್ಪತ್ರೆಯಲ್ಲೇ ಮೈಸೂರಿನ ವಾಕ್ ಶ್ರವಣ ಸಂಸ್ಥೆಯವರ ಒಂದು ಕೇಂದ್ರವಿದೆ. ಅಲ್ಲಿಗೆ ನಾನೇ ಕರೆದುಕೊಂಡು ಹೋದೆ. ಎರಡೂ ಕಿವಿ ಮಂದ ಅಂದರು. ದೊಡ್ಡ ಪರೀಕ್ಷೆಗೆ, ಯಂತ್ರಕ್ಕೆ, ಆಮೇಲೆ ಮಾತಿನ ತರಬೇತಿಗೆ ಮೈಸೂರಿನ ಮಾನಸಗಂಗೋತ್ರಿಗೇ ಹೋಗಬೇಕು. ಒಂದು ದಿನವಲ್ಲ, ವಾರವಾರ.

ಈಗ ನನ್ನ ನೋಟ್‌ಬುಕ್ಕಿನ ಆ ಕಾಲಂ. ತಾಯಿ ಬೆಳಿಗ್ಗೆ ಏಳಕ್ಕೆ ಗಾರ್ಮೆಂಟ್ಸ್ ಬಸ್ ಹತ್ತುವವಳು, ವಾರವಾರ ರಜೆ ಅಂದರೆ ಕೆಲಸವೇ ಹೋಗುತ್ತದೆ. ಅಜ್ಜಿ ಕರೆದುಕೊಂಡು ಹೋಗಬಹುದು, ಆದರೆ ಹೋಗುವುದಿಲ್ಲ ಅನ್ನುತ್ತಾರೆ. ಯಾಕೆ ಅಂದರೆ ಮಂಡಿನೋವು. ಮಂಡಿನೋವಿನಲ್ಲೇ ಅವರು ಆದಿಚುಂಚನಗಿರಿ ಜಾತ್ರೆಗೆ ಹೋಗಿಬಂದದ್ದು ನನಗೆ ಗೊತ್ತಿತ್ತು. ಮೂರನೆಯ ಕಾಫಿಯ ಹೊತ್ತಿಗೆ ದನಿ ತಗ್ಗಿಸಿ ಹೇಳಿದರು, "ನಂಗೆ ಬೋರ್ಡ್ ಓದಾಕ್ ಬರಾಕಿಲ್ಲ ಕಣವ್ವ. ಮೈಸೂರಲ್ ಮಗೀನೂ ಕಳ್ಕಂಡು ನಾನೂ ಕಳ್ದೋದ್ರೆ?" ಎಪ್ಪತ್ತು ವರ್ಷ ಮರ್ಯಾದೆಯಿಂದ ಬಾಳಿದ ಹೆಂಗಸು ಇದನ್ನು ಬಾಯಿಬಿಟ್ಟು ಹೇಳಬೇಕಾದರೆ ಎಷ್ಟು ಕಷ್ಟ ಅನ್ನಿ.

ಮೈಸೂರಿಗೆ ಡಿಗ್ರಿ ಓದಲು ದಿನಾ ಹೋಗುವ ಒಬ್ಬ ಹುಡುಗಿ ನಮ್ಮೂರಲ್ಲಿದ್ದಳು. ಅವಳಿಗೆ ನಾನೇ ಅ ಆ ಇ ಈ ತಿದ್ದಿಸಿದವಳು, ಇಲ್ಲ ಅನ್ನಲು ಅವಳಿಗೆ ದಾರಿಯೇ ಇರಲಿಲ್ಲ. ಅಕ್ಕಿಹೆಬ್ಬಾಳು ಸ್ಟೇಷನ್ನಿನಲ್ಲಿ ಬೆಳಗಿನ ರೈಲು ಹತ್ತಿಸುವುದು, ಮೈಸೂರಲ್ಲಿ ಇಳಿಸಿ ಸಿಟಿ ಬಸ್ಸಿಗೆ ಕೂರಿಸಿ ಕಂಡಕ್ಟರಿಗೆ ಹೇಳುವುದು, ಸಂಜೆ ಸ್ಟೇಷನ್ನಿನ ಗಡಿಯಾರದ ಕೆಳಗೆ ಕಾಯುವುದು. ಆರೇಳು ವಾರದ ಮೇಲೆ ಅಜ್ಜಿಯೇ ಅವಳಿಗೆ, "ನೀ ಕಾಲೇಜ್ಗೋಗು ಮಗ, ನಂಗೆ ಗೊತ್ತಾಯ್ತದೆ" ಅಂದರಂತೆ. ಬಸ್ಸನ್ನು ಅವರು ನಂಬರಿನಿಂದಲ್ಲ, ಡ್ರೈವರಿನ ಮೀಸೆಯಿಂದ ಗುರುತು ಹಿಡಿಯುತ್ತಿದ್ದರು. ಆ ಡ್ರೈವರ್ ರಜೆ ಹಾಕಿದ ದಿನ ಮಾತ್ರ ಫಜೀತಿ.

ಹುಡುಗನಿಗೆ ಎರಡು ಕಿವಿಗೂ ಯಂತ್ರ ಬಂತು. ಯಂತ್ರದಿಂದಲೂ ಕೇಳಿಸದಷ್ಟು ಮಂದವಿದ್ದರೆ ಕಾಕ್ಲಿಯರ್ ಇಂಪ್ಲಾಂಟ್ ಅನ್ನುವ ಆಪರೇಷನ್ ಇದೆ. ಲಕ್ಷಗಟ್ಟಲೆಯ ಬಾಬತ್ತು, ಆದರೆ ರಾಜ್ಯ ಸರ್ಕಾರದ ಶ್ರವಣ ಸಂಜೀವಿನಿಯಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಅದು ಉಚಿತ. ವಯಸ್ಸಿನ ಮಾತು ಗಮನಿಸಿ. ಮಾತು ಕಲಿಯುವ ಮಿದುಳಿಗೆ ಮೊದಲ ಕೆಲವು ವರ್ಷವೇ ಮುಖ್ಯ, "ಬತ್ತದೆ ಬುಡಿ" ಅಂತ ಕಾದ ಒಂದೊಂದು ವರ್ಷವೂ ಆಮೇಲೆ ವಾಪಸು ಸಿಗುವುದಿಲ್ಲ. ಅಂಗವಿಕಲರ ಗುರುತಿನ ಚೀಟಿಗೆ ಅರ್ಜಿ ಹಾಕಲು ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಅಂತ ಒಬ್ಬರಿರುತ್ತಾರೆ. ನಮ್ಮವರಿಗೆ ಸ್ವತಃ ಪೋಲಿಯೋ, ಮೂರು ಚಕ್ರದ ಸ್ಕೂಟರಿನಲ್ಲಿ ಮನೆಮನೆಗೆ ಬರುತ್ತಿದ್ದರು. ಇಸ್ಕೂಲಿಗೆ ಸೇರುವ ವಯಸ್ಸು ಬಂದಾಗ ಬಿಇಒ ಆಫೀಸಿನಲ್ಲಿ ಇಂಥ ಮಕ್ಕಳಿಗೆಂದೇ ಸಂಪನ್ಮೂಲ ಶಿಕ್ಷಕರು ಸಿಗುತ್ತಾರೆ. ಇವರೆಲ್ಲ ಮೊದಲಿಂದಲೂ ಇದ್ದವರೇ. ಆದರೆ ಒಬ್ಬರು ಆರೋಗ್ಯ ಇಲಾಖೆ, ಒಬ್ಬರು ಪಂಚಾಯಿತಿ, ಒಬ್ಬರು ಶಿಕ್ಷಣ ಇಲಾಖೆ. ಈ ಮೂವರನ್ನೂ ಒಂದೇ ಜಗುಲಿಯ ಮೇಲೆ ಕೂರಿಸಿದ್ದು ಆ ಅಜ್ಜಿಯ ಕಾಫಿ.

ಕಬ್ಬು ಕಡಿಯುವ ಸುಗ್ಗಿಯಲ್ಲಿ ಬಳ್ಳಾರಿ ಕಡೆಯಿಂದ ಗುಂಪುಗಳು ಬರುತ್ತವೆ. ಗದ್ದೆಬಯಲಿನಲ್ಲಿ ಟಾರ್ಪಾಲಿನ ಗುಡಿಸಲು, ಬೆಳಕು ಹರಿಯುವ ಮುಂಚೆ ಗಂಡಹೆಂಡಿರಿಬ್ಬರೂ ಕಬ್ಬಿನ ಗದ್ದೆಗೆ. ಮಕ್ಕಳು ಗುಡಿಸಲಲ್ಲೇ, ಐದು ವರ್ಷದ ಅಕ್ಕನ ಸೊಂಟದಲ್ಲಿ ಒಂದು ವರ್ಷದ ತಮ್ಮ. ಅವರು ನಮ್ಮ ಸರ್ವೇ ಪುಸ್ತಕದಲ್ಲಿಲ್ಲ, ಆಧಾರ್ ವಿಳಾಸ ಬೇರೆ ಜಿಲ್ಲೆಯದು, ಮನೆ ನಂಬರು ಕೇಳಿದರೆ ಟಾರ್ಪಾಲಿಗೆ ನಂಬರು ಎಲ್ಲಿಂದ ತರುವುದು? ಮೊದಮೊದಲು ನಾನೂ "ನಿಮ್ಮೂರಲ್ಲಿ ಹೆಸರಿದೆಯಲ್ಲ" ಅಂತ ಬಾಗಿಲಲ್ಲೇ ನಿಲ್ಲಿಸಿ ಮಾತಾಡಿದವಳು. ಮಗು ಯಾವ ಊರಿನದೇ ಇರಲಿ, ಇರುವ ಊರಿನ ಅಂಗನವಾಡಿಯಲ್ಲಿ ಉಣ್ಣಬಹುದು, ಲಸಿಕೆ ಹಾಕಿಸಿಕೊಳ್ಳಬಹುದು. ಜಾತಿ, ಆದಾಯ, ರೇಷನ್ ಕಾರ್ಡು ಯಾವುದೂ ಅಡ್ಡ ಬರಬಾರದು. ಸುಪ್ರೀಂ ಕೋರ್ಟು 2006ರ ಡಿಸೆಂಬರಿನಲ್ಲೇ ಆರು ವರ್ಷದೊಳಗಿನ ಪ್ರತಿ ಮಗುವಿಗೂ ಈ ಸೇವೆ ಮುಟ್ಟಬೇಕು ಅಂದಿದೆ.

ಅವರಲ್ಲೊಬ್ಬ ಹುಡುಗಿಗೆ ಜನನ ಪತ್ರವೇ ಇರಲಿಲ್ಲ. ಗುಡಿಸಲಲ್ಲೇ ಹುಟ್ಟಿದವಳು. ಹುಟ್ಟಿದ 21 ದಿನದೊಳಗೆ ಹೇಳಿದರೆ ಕಾಸಿಲ್ಲದೆ ಆಗುವ ಕೆಲಸ, ವರ್ಷ ದಾಟಿದ್ದರಿಂದ ಆಗ ಕೋರ್ಟಿಗೇ ಹೋಗಬೇಕಿತ್ತು. ಒಂದು ಕಚೇರಿಯಲ್ಲಿ ನಾಳೆ ಬನ್ನಿ ಅಂದರು, ಇನ್ನೊಂದರಲ್ಲಿ ಇದು ನಮ್ಮದಲ್ಲ ಅಂದರು. ಅಷ್ಟರಲ್ಲಿ ಕಬ್ಬು ಮುಗಿಯಿತು, ಗುಂಪು ಹೊರಟುಹೋಯಿತು. ನನ್ನ ನೋಟ್‌ಬುಕ್ಕಿನಲ್ಲಿ ಆ ಹುಡುಗಿಯ ಸಾಲಿನಲ್ಲಿ "ಮುಟ್ಟಿದ ದಿನ" ಇವತ್ತಿಗೂ ಖಾಲಿ. 2023ರ ತಿದ್ದುಪಡಿಯ ಮೇಲೆ ತಡವಾದ ನೋಂದಣಿ ಕೋರ್ಟಿನ ಬದಲು ಉಪವಿಭಾಗಾಧಿಕಾರಿ ಮಟ್ಟದಲ್ಲೇ ಆಗುತ್ತದೆ. ಆದರೆ ಅದೇ ಕಾನೂನು 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆ ಸೇರಲು ಹುಟ್ಟಿದ ದಿನದ ಪುರಾವೆ ಜನನ ಪತ್ರ ಮಾತ್ರ ಅಂತಲೂ ಹೇಳುತ್ತದೆ. ಆ ಮಕ್ಕಳು ಒಂದನೇ ತರಗತಿಗೆ ಬರುವ ಕಾಲ ದೂರವಿಲ್ಲ. ಈಗ ಕೂಸು ಮಡಿಲಲ್ಲಿರುವಾಗಲೇ ಮಾಡಿಸಿಟ್ಟುಕೊಳ್ಳಿ.

ಇಸ್ಕೂಲಿನ ಮಾತು ಬಂದದ್ದರಿಂದ ಇದೊಂದು ಹೇಳಿಬಿಡುತ್ತೇನೆ. ನಮ್ಮ ಅಂಗನವಾಡಿಗೂ ಸರ್ಕಾರಿ ಶಾಲೆಗೂ ನಡುವೆ ಒಂದು ಬೇವಿನ ಮರ, ಅಷ್ಟೇ. ಆದರೂ ಜೂನ್ ತಿಂಗಳಲ್ಲಿ ಆ ಮರ ದಾಟಿದ ಮಕ್ಕಳು ಬೇರೆ ದೇಶಕ್ಕೆ ಹೋದಂತೆ ಅಳುತ್ತಿದ್ದವು. ಒಂದು ವರ್ಷ ಹೆಡ್ ಮೇಷ್ಟ್ರು ಬೇಲಿಯಾಚೆಯಿಂದಲೇ ಕೂಗಿದರು, "ಏನ್ ಟೀಚರೇ, ನೀವು ಕಳ್ಸಿರೋ ಹುಡುಗ ದಿನಾ ಚಡ್ಡಿ ಒದ್ದೆ ಮಾಡ್ಕೊತಾನೆ, ಹೇಳೋದು ಕಲ್ಸಿಲ್ವಾ?" ಕಲಿಸಿದ್ದೆ. ಆ ಹುಡುಗ ಉಚ್ಚೆಗೆ "ಹೊರಗೆ" ಅನ್ನುತ್ತಿದ್ದ. "ಮಿಸ್, ಹೊರಗೆ" ಅಂತ ಅವನು ಕೇಳಿದಾಗಲೆಲ್ಲ ಹೊಸ ಟೀಚರು "ಹೊರಗೆ ಎಲ್ಲೂ ಹೋಗೋ ಹಾಗಿಲ್ಲ, ಕೂತ್ಕೋ" ಅನ್ನುತ್ತಿದ್ದರು.

ಮರುವರ್ಷದಿಂದ ಮೇ ಕೊನೆಯಲ್ಲಿ ಒಂದೊಂದು ಮಗುವಿಗೂ ಒಂದೊಂದು ಪುಟ ಬರೆದು ಒಂದನೇ ತರಗತಿಯ ಟೀಚರಿಗೆ ಕೊಡತೊಡಗಿದೆ. ಬಣ್ಣ ಗೊತ್ತು, ಹತ್ತರವರೆಗೆ ಎಣಿಸುತ್ತಾನೆ ಅನ್ನುವುದು ಎರಡು ಸಾಲು ಮಾತ್ರ. ಮಿಕ್ಕದ್ದು: ಉಚ್ಚೆಗೆ ಏನನ್ನುತ್ತಾನೆ, ಯಾರ ಪಕ್ಕ ಕೂತರೆ ಸಮಾಧಾನ, ಮೊಟ್ಟೆ ಕಂಡರೆ ವಾಂತಿ, ಮನೆಯಲ್ಲಿ ಲಂಬಾಣಿ ಮಾತು, ನೀರಿಗೆ ಪಾಣಿ ಅನ್ನುತ್ತಾಳೆ, ಅಪ್ಪ ಕುಡಿದು ಬಂದ ಮಾರನೆಯ ದಿನ ಯಾರನ್ನೂ ಹತ್ತಿರ ಬಿಡುವುದಿಲ್ಲ, ಆಗ ಕೆಣಕಬೇಡಿ. ಈ ಕೊನೆಯ ಥರದ್ದನ್ನು ಕಾಗದದಲ್ಲಿ ಬರೆಯಬಾರದು ಅಂತ ಬುದ್ಧಿ ಬಂದ ಮೇಲೆ ಬಾಯಲ್ಲೇ ಹೇಳುತ್ತಿದ್ದೆ. ಹೇಳುವ ಮುಂಚೆ ತಾಯಿಯನ್ನು ಒಂದು ಮಾತು ಕೇಳುತ್ತಿದ್ದೆ.

ಆರು ತುಂಬಿರಬೇಕೋ, ಐದೂವರೆಗೆ ಸೇರಿಸಬಹುದೋ ಅಂತ ಈಗ ಅಪ್ಪ ಅಮ್ಮಂದಿರ ಓಡಾಟವೆಲ್ಲ ಅದರ ಸುತ್ತಲೇ. ಆರು ಅನ್ನುವ ನಿಯಮ ಮಾಡಿ 2025ರಲ್ಲಿ ಆ ವರ್ಷದ ಮಟ್ಟಿಗೆ 5 ವರ್ಷ 5 ತಿಂಗಳಿಗೆ ಇಳಿಸಿದ್ದರು. ಆರು ತಿಂಗಳು ಹಿಂದೆಮುಂದೆ ಆದರೆ ಮಗು ಹಾಳಾಗುವುದಿಲ್ಲ ಅಂತ ನನ್ನ ಅನುಭವ. ಹೊಸ ಜಾಗದಲ್ಲಿ ಅವನ ಮಾತು ತಿಳಿಯುವವರು ಒಬ್ಬರಾದರೂ ಇದ್ದರೆ ಸಾಕು.

ಎಲ್ಲವನ್ನೂ ಅಂಗನವಾಡಿಯ ಹೆಂಗಸೇ ಮಾಡಬೇಕೋ ಅಂದರೆ ಅದಕ್ಕೂ ನನ್ನ ತಕರಾರಿದೆ. ನನ್ನ ಕೊನೆಯ ವರ್ಷಗಳಲ್ಲಿ ಮನೆ ಭೇಟಿಗಿಂತ ಫೋನಿಗೆ ಹೋದ ಹೊತ್ತೇ ಹೆಚ್ಚು. ತೂಕ ಹಾಕಿದ್ದು, ಹಾಲು ಕೊಟ್ಟಿದ್ದು, ಬಾಗಿಲು ತೆರೆದಿದ್ದು ಎಲ್ಲ ಅದಕ್ಕೆ ತುಂಬಬೇಕು, ನೆಟ್‌ವರ್ಕ್ ಸಿಗುವುದು ನೀರಿನ ಟ್ಯಾಂಕಿನ ಹತ್ತಿರ ಮಾತ್ರ. ಮನೆಗೆ ಒಯ್ಯುವ ಪುಷ್ಟಿ ಆಹಾರದ ಪ್ಯಾಕೆಟ್ ಕೊಡಬೇಕಾದರೆ ತಾಯಿಯ ಮುಖ ಫೋನಿಗೆ ತೋರಿಸಬೇಕು. ಆ ಮುಖ ಬೆಳಿಗ್ಗೆ ಏಳರ ಬಸ್ಸಿನಲ್ಲಿ ಗಾರ್ಮೆಂಟ್ಸಿಗೆ ಹೋಗಿರುತ್ತದೆ. ಹಾಗಾಗಿ ರಾತ್ರಿ ಎಂಟಕ್ಕೆ ಫೋನು ಹಿಡಿದು ಅವರ ಮನೆ ಬಾಗಿಲಿಗೆ ಹೋಗುತ್ತಿದ್ದೆ. ಒಂದು ಲೆಕ್ಕಕ್ಕೆ ಅದೂ ಮನೆ ಭೇಟಿಯೇ ಆಯಿತು ಅನ್ನಿ. ತಾಯಿ ಸಿಗುತ್ತಿದ್ದಳು, ಕಾಫಿ ಆಗುತ್ತಿತ್ತು, ಕಾಲಂ ತುಂಬುತ್ತಿತ್ತು.

ಕೆಲಸ ಬಿಡುವ ದಿನ ಬೀರುವಿನ ಬೀಗದಕೈ, ತೂಕದ ಯಂತ್ರ, ರಿಜಿಸ್ಟರುಗಳನ್ನು ಹೊಸ ಹುಡುಗಿಗೆ ಒಪ್ಪಿಸಿ ಸಹಿ ಹಾಕಿಸಿಕೊಂಡೆ. ನೋಟ್‌ಬುಕ್ ಒಪ್ಪಿಸುವ ಪಟ್ಟಿಯಲ್ಲಿರಲಿಲ್ಲ, ಸುಮ್ಮನೆ ಮೇಜಿನ ಮೇಲೆ ಇಟ್ಟುಬಂದೆ. ಅವಳು ಎಂ.ಎ. ಓದಿದವಳು. ಹದಿನೈದು ದಿನ ಏನೂ ಸುದ್ದಿಯಿಲ್ಲ. ಒಂದು ಸಂಜೆ ಫೋನು ಬಂತು.

"ಟೀಚರಮ್ಮ, ಮೇಗಲ ಬೀದಿ ಮಗೂಗೆ ಮಂಡ್ಯದ ಚೀಟಿ ಬಂದಿದೆ. ಆ ಹಸದ ಕಾಲಂ ಇದೆಯಲ್ಲ..."

"ಹ್ಞೂಂ ಕಣವ್ವ, ಏನಾಯ್ತು?"

"ಅವರ ಮನೇಲಿ ಹಸ ಇಲ್ಲ. ಕುರಿ ಇವೆ, ಒಂಬತ್ತು. ಏನಂತ ಬರೀಲಿ?"

ಒಂಬತ್ತು ಕುರಿ ಅಂತಲೇ ಬರಿ, ಬರೆದು ನೇರ ಕೆಳಗಲ ಬೀದಿಗೆ ಹೋಗು ಅಂದೆ. ಅಲ್ಲಿ ಹತ್ತು ವರ್ಷದ ಹಿಂದೆ ಹಸ ಬಿಟ್ಟು ಹದಿನಾಲ್ಕು ದಿನ ಮಂಡ್ಯದಲ್ಲಿ ಇದ್ದು ಬಂದವಳ ಮನೆಯಿದೆ. ಅವಳ ಹಿಂದೆ ಈಗ ಎರಡು ಹಸ, ಒಂದು ಕಡಸು. ಕುರಿ ಕಾಯಲು ಅವಳ ಮೈದುನ ಬಿಡುವಾಗಿದ್ದಾನೆ ಅಂತ ಮೊನ್ನೆ ಡೈರಿಯ ಹತ್ತಿರ ಸಿಕ್ಕಾಗ ಅವಳೇ ಹೇಳುತ್ತಿದ್ದಳು.